ಹೈಸ್ಕೂಲ್ ಓಟಗಾರರ ಸ್ಪೈಕ್ ಶೂ: ಎರೆಮಣ್ಣಿನಲ್ಲಿ ಹೇಗಿದೆ?

ವಿಜಯಪುರದ ಅಂಗಡಿಗಳಲ್ಲಿ ಸಿಗುವ ಕಡಿಮೆ ಬೆಲೆಯ ಸ್ಪೈಕ್ ಶೂ (ಅಡಿಯಲ್ಲಿ ತಿರುಪಿನ ಮೊಳೆಗಳಿರುವ ಓಟದ ಶೂ), ತಾಲೂಕು ಕ್ರೀಡಾಕೂಟಕ್ಕೆ ತಯಾರಾಗುತ್ತಿರುವ ನಮ್ಮ ಹೈಸ್ಕೂಲ್ ಮಕ್ಕಳಿಗೆ ಧಾರಾಳ ಸಾಕು. 100, 200 ಮೀಟರ್ ಓಟಕ್ಕೆ ಹಿಡಿತ ಚೆನ್ನಾಗಿದೆ.

ತೊಂದರೆ ಇರುವುದು ಮೊಳೆಗಳಲ್ಲಿ. ಎರೆಮಣ್ಣು ಹಸಿ ಇದ್ದರೆ ಮೊಳೆಗಳ ನಡುವೆ ಉಂಡೆಗಟ್ಟಿ ಮೆತ್ತಿಕೊಳ್ಳುತ್ತದೆ, ಕಾಲು ಜಾರುತ್ತದೆ. ಹಾಗೇ ಒಣಗಲು ಬಿಟ್ಟರೆ ತಿರುಪು ತುಕ್ಕು ಹಿಡಿದು ಸ್ಪ್ಯಾನರಿಗೂ ಬಗ್ಗುವುದಿಲ್ಲ. ಓಡಿದ ದಿನವೇ ಬ್ರಷ್‌ನಿಂದ ಉಜ್ಜಿ, ತಿರುಪಿಗೆ ಒಂದು ಹನಿ ಎಣ್ಣೆ ಬಿಡಿ. ಮಣ್ಣಿಗೆ 12 ಮಿ.ಮೀ. ಮೊಳೆ ಸರಿ, ಸಿಂಥೆಟಿಕ್ ಟ್ರ್ಯಾಕಿನ ಓಟಕ್ಕೆ 9 ಮಿ.ಮೀ. ಮೀರುವಂತಿಲ್ಲ, ಮುಂಚೆಯೇ ಬದಲಿಸಿಕೊಳ್ಳಿ.

ಬೆಳೆಯೋ ಕಾಲು ಅಂತ ದೊಡ್ಡ ಸೈಜ್ ಮಾತ್ರ ಕೊಡಿಸಬೇಡಿ. ತಿರುವಿನಲ್ಲಿ ಹಿಮ್ಮಡಿ ಜಾರಿ ಗುಳ್ಳೆ ಏಳುತ್ತದೆ. ಹೊಸಬರು ಮೊದಮೊದಲು ವಾರಕ್ಕೆ ಎರಡೇ ದಿನ ಹಾಕಲಿ, ಇಲ್ಲದಿದ್ದರೆ ಮೀನಖಂಡ ಬಿಗಿಯುತ್ತದೆ.