ಪರದೆ ಖಾಲಿ, ಬಲಗಡೆ ಕಿಟಕಿಯಲ್ಲಿ ವಿಮಾನ

ಮೊನ್ನೆ ನಮ್ಮ ಫ್ಲೈಯಿಂಗ್ ಕ್ಲಬ್ಬಿಗೆ ಹೊಸದಾಗಿ ಸೇರಿದ ಹುಡುಗನೊಬ್ಬ ಫೋನ್ ಮುಂದೆ ಹಿಡಿದು ಕೇಳಿದ: "ಅಣ್ಣಾ, ಸೆಕೆಂಡ್ ಹ್ಯಾಂಡ್ ರಿಸೀವರ್ ಒಂದು ಅಗ್ಗಕ್ಕೆ ಸಿಗ್ತಾ ಇದೆ. ಟ್ರಾಫಿಕ್ಕೂ ಬರುತ್ತೆ, ವೆದರೂ ಬರುತ್ತೆ ಅಂತಾರೆ. ತಗೊಂಡ್‌ಬಿಡ್ಲಾ?" ನೋಡಿದರೆ ಮೂರು ವರ್ಷದ ಹಿಂದೆ ನಾನು ದುಡ್ಡು ಸುರಿದ ಅದೇ ಮಾಡೆಲ್! ಹ್ಯಾಂಗರಿನ ನೆರಳಲ್ಲಿ ನಿಂತು ಅವನಿಗೆ ಅರ್ಧ ಗಂಟೆ ಹೇಳಿದ್ದನ್ನೇ ಇಲ್ಲೂ ಬರೆಯುತ್ತಿದ್ದೇನೆ. ಅಮೆರಿಕದಲ್ಲಿ ಸಣ್ಣ ವಿಮಾನ ಹಾರಿಸುವ, ಹಾರಿಸಬೇಕೆಂದಿರುವ ಕನ್ನಡದವರು ಕೊಳ್ಳುವ ಮೊದಲು ಓದಿಕೊಳ್ಳಲಿ ಅಂತ. ಕಂಪನಿಯ ಹೆಸರು ಬೇಡ. ಅವರೇನೂ ಸುಳ್ಳು ಹೇಳಲಿಲ್ಲ, ಅರ್ಧ ಹೇಳಿದರು ಅಷ್ಟೆ.

ನಾನಿರುವುದು ಟೆಕ್ಸಸ್‌ನ ಆಸ್ಟಿನ್ ಪಕ್ಕ. ಜಾರ್ಜ್‌ಟೌನ್ ಏರ್‌ಪೋರ್ಟಿನಲ್ಲಿ ಕೆಲವರು ಸೇರಿ ಹಳೆಯದೊಂದು ಸೆಸ್ನಾ 172 ಇಟ್ಟುಕೊಂಡಿದ್ದೇವೆ. ಇಂಜಿನ್ ಗಟ್ಟಿ, ಪ್ಯಾನೆಲ್ ಮಾತ್ರ ಅಜ್ಜನ ಕಾಲದ್ದು. ಸುತ್ತ ಯಾರು ಹಾರುತ್ತಿದ್ದಾರೆ (ಟ್ರಾಫಿಕ್ ಅಂದರೆ ಇದೇ), ಎಲ್ಲಿ ಮಳೆ ಅನ್ನೋದನ್ನು ತೋರಿಸುವ ಪರದೆ ಅದರಲ್ಲಿಲ್ಲ. ಅಂಥವರಿಗೆಂದೇ ಈ ಅಂಗೈಯಗಲದ ರಿಸೀವರ್‌ಗಳು. ಗಾಜಿಗೆ ಅಂಟಿಸಿದರೆ ವೈಫೈ ಮೂಲಕ ಐಪ್ಯಾಡಿಗೆ ಎಲ್ಲವನ್ನೂ ಕಳಿಸುತ್ತವೆ.

ಇದರ ಹಿಂದಿರುವುದು ಎಡಿಎಸ್-ಬಿ. ಇದನ್ನು ಕೂರಿಸಿಕೊಂಡ ಪ್ರತಿ ವಿಮಾನವೂ ತಾನೆಲ್ಲಿದ್ದೇನೆ, ಎಷ್ಟು ಎತ್ತರದಲ್ಲಿದ್ದೇನೆ ಅಂತ ಸೆಕೆಂಡಿಗೊಮ್ಮೆಯಾದರೂ ರೇಡಿಯೋದಲ್ಲಿ ಸಾರುತ್ತಿರುತ್ತದೆ. ಸಾರುವುದು 'ಔಟ್', ಕೇಳಿಸಿಕೊಳ್ಳುವುದು 'ಇನ್'. ದೊಡ್ಡ ಏರ್‌ಪೋರ್ಟುಗಳ ಸುತ್ತಲಿನ ಆಕಾಶದಲ್ಲೂ 10,000 ಅಡಿಯ ಮೇಲೂ 2020ರ ಜನವರಿ 1ರಿಂದ ಇಲ್ಲಿ ಔಟ್ ಕಡ್ಡಾಯ. ಇನ್ ನಮ್ಮಿಷ್ಟ, ನಮ್ಮ ಖರ್ಚು. ತೊಡಕಿರುವುದು ಒಂದು ಕಡೆ. ಅಮೆರಿಕದಲ್ಲಿ ವಿಮಾನಗಳು ಎರಡು ಫ್ರೀಕ್ವೆನ್ಸಿಯಲ್ಲಿ ಮಾತಾಡುತ್ತವೆ. ಲೋಕಕ್ಕೆಲ್ಲ ಬಳಕೆಯಲ್ಲಿರುವುದು 1090 ಮೆಗಾಹರ್ಟ್ಸ್. 18,000 ಅಡಿಯ ಕೆಳಗೆ ಹಾರುವ ನಮ್ಮಂಥವರಿಗೆ ಇಲ್ಲಿ 978 ಕೂಡ ನಡೆಯುತ್ತದೆ. ನೆಲದ ಸ್ಟೇಷನ್‌ಗಳು ಬಿಟ್ಟಿಯಾಗಿ ಬಿತ್ತರಿಸುವ ಹವಾಮಾನ ಬರುವುದು 978ರಲ್ಲಿ ಮಾತ್ರ.

ನಾನು ಕೊಂಡದ್ದು 978 ಒಂದನ್ನೇ ಕೇಳುವ ಡಬ್ಬಿ. ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ 'ಟ್ರಾಫಿಕ್ ಮತ್ತು ವೆದರ್'. 1090 ವಿಮಾನಗಳು ಕಾಣುವುದಿಲ್ಲವೇ ಅಂತ ಫೋನ್ ಮಾಡಿ ಕೇಳಿದೆ, ಅಷ್ಟು ಬುದ್ಧಿ ಇತ್ತು. "ಅವನ್ನು ನೆಲದ ಸ್ಟೇಷನ್ನೇ 978ಕ್ಕೆ ತಿರುಗಿಸಿ ಕಳಿಸುತ್ತೆ ಸಾರ್, ಯೋಚನೆ ಬೇಡ" ಅಂದರು. ನಿಜ, ಕಳಿಸುತ್ತದೆ. ಯಾರಿಗೆ, ಯಾವಾಗ ಅನ್ನೋದನ್ನು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಮೊದಲ ಎರಡು ತಿಂಗಳು ಖುಷಿಯೋ ಖುಷಿ. ಆಸ್ಟಿನ್ ಸುತ್ತ ಹಾರಿದರೆ ಐಪ್ಯಾಡ್ ತುಂಬ ಪುಟ್ಟ ಬಾಣಗಳು. ಅದು ಇಷ್ಟು ಎತ್ತರ, ಇದು ಇಳಿಯುತ್ತಿದೆ, ಅದು ಏರುತ್ತಿದೆ. ಕಣ್ಣಿಗೆ ಕಾಣುವ ಮೊದಲೇ ಪರದೆಯಲ್ಲಿ. ನೋಡನೋಡುತ್ತ ನನ್ನ ಕಣ್ಣು ಕಿಟಕಿಯಿಂದ ತೊಡೆಯ ಮೇಲಿನ ಪರದೆಗೆ ಇಳಿದಿತ್ತು. ಅದು ನನಗೇ ಗೊತ್ತಾಗಿರಲಿಲ್ಲ.

ಆ ಬೇಸಿಗೆಯಲ್ಲಿ ತೀರ್ಥಹಳ್ಳಿಯಿಂದ ಅಪ್ಪ ಬಂದಿದ್ದರು. ಒಂದು ಶನಿವಾರ ಬೆಳಿಗ್ಗೆ ಅವರನ್ನು ಬಲಗಡೆ ಸೀಟಿನಲ್ಲಿ ಕೂರಿಸಿಕೊಂಡು ಫ್ರೆಡರಿಕ್ಸ್‌ಬರ್ಗ್‌ಗೆ ಹೊರಟೆ. ಸುಮಾರು 70 ನಾಟಿಕಲ್ ಮೈಲಿ, ಮುಕ್ಕಾಲು ಗಂಟೆ ದಾರಿ. ರನ್‌ವೇ ಪಕ್ಕದಲ್ಲೇ ಒಂದು ಡೈನರ್ ಇದೆ, ತಿಂಡಿಗೆಂದೇ ಹಾರಿ ಬರುವವರು ಬಹಳ. ಅಲ್ಲಿ ಕಂಟ್ರೋಲ್ ಟವರ್ ಇಲ್ಲ. ಎಲ್ಲರೂ ಒಂದೇ ಫ್ರೀಕ್ವೆನ್ಸಿಯಲ್ಲಿ ತಾವೆಲ್ಲಿದ್ದೇವೆ ಅಂತ ತಾವೇ ಹೇಳಿಕೊಂಡು, ಸರದಿಯಲ್ಲಿ ಇಳಿಯಬೇಕು.

ನಾನು ಹೇಳಿಕೊಂಡೆ. ಉತ್ತರ ಇಲ್ಲ. ಪರದೆ ನೋಡಿದೆ, ಖಾಲಿ. 2,700 ಅಡಿಗೆ ಇಳಿದು, ರನ್‌ವೇ 14ರ ಡೌನ್‌ವಿಂಡ್‌ಗೆ (ಇಳಿಯುವ ಮುನ್ನ ರನ್‌ವೇ ಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ಹಾರುವ ಹಾದಿ) ಸೇರಿಕೊಳ್ಳಲು ಹೊರಟೆ. ಅಪ್ಪ ಹೆಡ್‌ಸೆಟ್ಟಿನಲ್ಲಿ, ಅಡಿಕೆ ತೋಟದಲ್ಲಿ ಹಸು ನುಗ್ಗಿದ್ದನ್ನು ಹೇಳುವಷ್ಟೇ ಸಮಾಧಾನದಲ್ಲಿ ಅಂದರು: "ಇಲ್ಲೊಂದು ಬರ್ತಾ ಇದ್ಯಲ್ಲ ಮಾರಾಯ. ಇದು ನಮಗೆ ಗೊತ್ತಿರೋದೇನಾ?"

ಅವರ ಕಡೆ ಬಗ್ಗಿ ನೋಡಿದೆ. ಕಿಟಕಿಯ ನಡುಮಧ್ಯೆ ಎರಡು ಇಂಜಿನ್ನಿನ ಬಿಳಿ ವಿಮಾನ, ನಮ್ಮದೇ ಎತ್ತರ. ಪಕ್ಕಕ್ಕೆ ಸರಿಯುತ್ತಿರಲಿಲ್ಲ, ಇದ್ದಲ್ಲೇ ಇದ್ದು ದೊಡ್ಡದಾಗುತ್ತಿತ್ತು. ಗಾಜಿನ ಮೇಲೆ ಒಂದೇ ಜಾಗದಲ್ಲಿ ನಿಂತು ದೊಡ್ಡದಾಗುವ ವಿಮಾನ ಅಂದರೆ ಏನು ಅಂತ ಪೈಲಟ್‌ಗಳಿಗೆ ಬಿಡಿಸಿ ಹೇಳಬೇಕಿಲ್ಲ. ಎಡಕ್ಕೆ ತಿರುಗಿಸಿದೆ. ಬಿಗಿಯಾಗಿಯೇ ತಿರುಗಿಸಿದೆ, ಅಪ್ಪನ ಕೈಯಲ್ಲಿದ್ದ ನೀರಿನ ಬಾಟಲಿ ಕೆಳಗೆ ಬಿತ್ತು. ಒಂದು ದೊಡ್ಡ ಸುತ್ತು ಹಾಕಿ, ಅವನು ಇಳಿದ ಮೇಲೆ ಇಳಿದೆ. ಬಲಗಡೆಯಿಂದ ಬರುವವನಿಗೆ ದಾರಿ ಬಿಡಬೇಕು ಅನ್ನೋದು ನಿಯಮ. ಬಿಡಬೇಕಾದವನು ನಾನು, ಅವನನ್ನು ನೋಡದೇ ಇದ್ದವನೂ ನಾನು.

ಡೈನರಿನಲ್ಲಿ ಆ ವಿಮಾನದ ಪೈಲಟ್ ಸಿಕ್ಕರು. ಎಪ್ಪತ್ತು ದಾಟಿದ ಹಿರಿಯರು. ಜಗಳಕ್ಕೆ ಬಂದಿರಲಿಲ್ಲ, ಅವರ ಮುಖವೂ ಬಿಳಿಚಿತ್ತು. ಪಕ್ಕದ ಏರ್‌ಪೋರ್ಟಿನ ಫ್ರೀಕ್ವೆನ್ಸಿಯಲ್ಲೇ ಮಾತಾಡುತ್ತ ಬಂದುಬಿಟ್ಟಿದ್ದರು, ಅದು ಅವರ ತಪ್ಪು, ಒಪ್ಪಿಕೊಂಡರು. ಆಮೇಲೆ ಅವರು ಹೇಳಿದ ಮಾತು ಮಾತ್ರ ನನ್ನ ತಲೆಯಿಂದ ಇನ್ನೂ ಹೋಗಿಲ್ಲ. "ಹತ್ತು ಮೈಲಿಯಿಂದ ನೀನು ನನ್ನ ಪರದೆ ಮೇಲೆ ಇದ್ದೆಯಪ್ಪಾ. ನೀನೂ ನನ್ನನ್ನು ನೋಡ್ತಿದ್ದೀಯ, ಈಗ ಸರೀತೀಯ, ಈಗ ಸರೀತೀಯ ಅಂತ ಕಾಯ್ತಾ ಇದ್ದೆ." ಅವರ ಹತ್ತಿರ ಇದ್ದದ್ದು ಎರಡೂ ಫ್ರೀಕ್ವೆನ್ಸಿ ಕೇಳುವ ರಿಸೀವರ್. ಅವರ ವಿಮಾನ ಸಾರುತ್ತಿದ್ದದ್ದು ಮಾತ್ರ ನನ್ನ ಡಬ್ಬಿಗೆ ಕೇಳದ 1090ರಲ್ಲಿ.

ಹಾಗಾದರೆ ನನ್ನ ಡಬ್ಬಿ ಆಸ್ಟಿನ್ನಿನಲ್ಲಿ ಅಷ್ಟೆಲ್ಲ ತೋರಿಸುತ್ತಿದ್ದದ್ದು ಹೇಗೆ? ಊರಿಗೆ ಬಂದು ವಿಮಾನದ ಎಲೆಕ್ಟ್ರಾನಿಕ್ಸ್ ನೋಡಿಕೊಳ್ಳುವ ಏವಿಯಾನಿಕ್ಸ್ ಮೆಕ್ಯಾನಿಕ್ ಒಬ್ಬರನ್ನು ಹಿಡಿದು ಕೂತೆ. ನೆಲದ ಸ್ಟೇಷನ್ ಸಿಕ್ಕಸಿಕ್ಕವರಿಗೆಲ್ಲ ಟ್ರಾಫಿಕ್ ಹಂಚುವುದಿಲ್ಲ. ಔಟ್ ಇರುವ ವಿಮಾನ "ನನ್ನ ಹತ್ತಿರ ಇಂಥ ಫ್ರೀಕ್ವೆನ್ಸಿಯ ಇನ್ ಇದೆ" ಅಂತ ತನ್ನ ಸಂದೇಶದಲ್ಲೇ ಹೇಳಿಕೊಳ್ಳಬೇಕು. ಹೇಳಿಕೊಂಡವರಿಗೆ ಮಾತ್ರ ಸೇವೆ. ಇನ್ನೊಂದು ಫ್ರೀಕ್ವೆನ್ಸಿಯವರನ್ನು ತಿರುಗಿಸಿ ಕಳಿಸುವುದೂ ಅವರಿಗೇ. ಔಟ್ ಇಲ್ಲದೆ ರಾಡಾರಿಗೆ ಮಾತ್ರ ಕಾಣುವ ವಿಮಾನಗಳನ್ನು, ಅವರನ್ನು ನಡುವೆ ಇಟ್ಟು ಸುತ್ತ 15 ನಾಟಿಕಲ್ ಮೈಲಿವರೆಗೆ, ಮೇಲೆ ಕೆಳಗೆ 3,500 ಅಡಿವರೆಗೆ ತೋರಿಸುವುದೂ ಅವರಿಗೇ. ನಮ್ಮ ಸೆಸ್ನಾದಲ್ಲಿ ಔಟ್ ಇತ್ತು. ಮೆಕ್ಯಾನಿಕ್ ಅದರ ಸೆಟ್ಟಿಂಗ್ ತೆಗೆದು ತೋರಿಸಿದರು. ಹಿಂದೆ ಯಾರೋ ಅದನ್ನು ಕೂರಿಸುವಾಗ ರಿಸೀವರ್ ಇದೆಯೇ ಅನ್ನುವ ಎರಡು ಚೌಕವನ್ನೂ ಖಾಲಿ ಬಿಟ್ಟಿದ್ದರು. ಅಂದರೆ ಎರಡು ತಿಂಗಳೂ ನನ್ನ ವಿಮಾನ "ನನಗೇನೂ ಕೇಳುವುದಿಲ್ಲ, ಏನೂ ಕಳಿಸಬೇಡಿ" ಅಂತ ಸಾರಿಕೊಂಡೇ ಹಾರುತ್ತಿತ್ತು.

ಆಸ್ಟಿನ್ ಸುತ್ತ ನಾನು ನೋಡುತ್ತಿದ್ದದ್ದು ಬೇರೆಯವರಿಗೆಂದು ಕಳಿಸಿದ ಟ್ರಾಫಿಕ್. ಪಕ್ಕದ ಮನೆಯ ಮದುವೆ ಚಪ್ಪರದ ದೀಪ ನಮ್ಮಂಗಳಕ್ಕೂ ಬಿದ್ದರೆ ನಮ್ಮನೆಗೂ ಕರೆಂಟ್ ಬಂತು ಅಂದುಕೊಂಡ ಹಾಗೆ. ಫ್ರೆಡರಿಕ್ಸ್‌ಬರ್ಗ್ ಇರುವ ಗುಡ್ಡಗಾಡು ಹಿಲ್ ಕಂಟ್ರಿ ಕಡೆ ಹೋದಾಗ ಪಕ್ಕದ ಮನೆಯೂ ಇಲ್ಲ, ಚಪ್ಪರವೂ ಇಲ್ಲ. ಸೆಟ್ಟಿಂಗ್ ಸರಿ ಇದ್ದಿದ್ದರೂ ಅಷ್ಟು ತಗ್ಗಿಗೆ ಇಳಿದಾಗ ಗುಡ್ಡಗಳ ಮರೆಯಲ್ಲಿ ಸ್ಟೇಷನ್ನಿನ ಸಿಗ್ನಲ್ ತಪ್ಪಿಹೋಗಬಹುದಿತ್ತು, ಯಾಕಂದರೆ ಅದು ನೇರ ದೃಷ್ಟಿಯಲ್ಲಿದ್ದರಷ್ಟೇ ಸಿಗುವಂಥದ್ದು. ವಿಮಾನಗಳು ಒಂದಕ್ಕೊಂದು ತೀರ ಹತ್ತಿರ ಬರುವುದು ಏರ್‌ಪೋರ್ಟಿನ ಪ್ಯಾಟರ್ನಿನಲ್ಲಿ, ಅಂದರೆ ಇಳಿಯಲು ಹಾಕುವ ಸುತ್ತಿನಲ್ಲಿ, ಸ್ಟೇಷನ್ ಕೈಕೊಡುವುದೂ ಅಲ್ಲೇ. ಎರಡು ಫ್ರೀಕ್ವೆನ್ಸಿಯ ರಿಸೀವರ್ ಬೇಕು ಅನ್ನೋದು ಇದಕ್ಕೇ. ಪಕ್ಕದಲ್ಲಿರುವವನ ಮಾತನ್ನು ಮಧ್ಯವರ್ತಿ ಇಲ್ಲದೆ ನೇರವಾಗಿ ಕೇಳಿಸಿಕೊಳ್ಳುತ್ತದೆ. ಆದರೂ ಔಟ್ ಇಲ್ಲದವರು ಇದ್ದೇ ಇರುತ್ತಾರೆ. ಬಲೂನು, ಗ್ಲೈಡರ್, ಕರೆಂಟೇ ಇಲ್ಲದ ಹಳೆ ಕಾಲದ ವಿಮಾನಗಳಿಗೆ ವಿನಾಯಿತಿ ಇದೆ. ಅವು ಯಾವ ಡಬ್ಬಿಗೂ ನೇರವಾಗಿ ಕಾಣುವುದಿಲ್ಲ.

ವಾಪಸ್ ಕೊಡುವ ಗಡುವು 30 ದಿನ ಇತ್ತಂತೆ, ಮುಗಿದಿತ್ತು. "ನಮ್ಮ ಡಬ್ಬಿ ಸರಿಯಾಗೇ ಕೆಲಸ ಮಾಡ್ತಿದೆಯಲ್ಲ ಸಾರ್" ಅಂದರು. ಅದೂ ನಿಜವೇ.

ಸುಟ್ಟುಕೊಂಡವನು ಎರಡನೇ ಸಲವಾದರೂ ಹುಷಾರಾಗಿರಬೇಕಲ್ಲ? ಎರಡು ಫ್ರೀಕ್ವೆನ್ಸಿಯದ್ದೇ ಇನ್ನೊಂದು ತರಿಸಿದೆ. ಅದು ತನ್ನ ಕಂಪನಿಯ ಆ್ಯಪ್ ಬಿಟ್ಟು ಬೇರೆ ಯಾವುದರ ಜತೆಗೂ ಮಾತಾಡುವುದಿಲ್ಲ ಅಂತ ಡಬ್ಬಿ ಒಡೆದ ಮೇಲೆ ಗೊತ್ತಾಯಿತು. ಆ ಆ್ಯಪ್‌ಗೆ ವರ್ಷ ವರ್ಷ ಚಂದಾ. ನಾನಾಗಲೇ ಇನ್ನೊಂದು ಆ್ಯಪ್‌ಗೆ ಚಂದಾ ಕಟ್ಟಿ ಕೂತಿದ್ದೆ. ಕೊಳ್ಳುವಾಗ 'ಜಿಡಿಎಲ್ 90' ಅನ್ನುವ ಪದ ಹುಡುಕಿ. ಅದು ರಿಸೀವರ್‌ಗಳು ಆ್ಯಪ್‌ಗಳ ಜತೆ ಮಾತಾಡುವ ಬಹಿರಂಗ ಭಾಷೆ, ಹೆಚ್ಚಿನ ಆ್ಯಪ್‌ಗಳಿಗೆ ಅರ್ಥವಾಗುತ್ತದೆ. ಪಕ್ಕದ ಹ್ಯಾಂಗರಿನವನು ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್ ಮತ್ತು ಎರಡು ರೇಡಿಯೋ ಡಾಂಗಲ್ ಜೋಡಿಸಿ ಸ್ಟ್ರಾಟಕ್ಸ್ ಅನ್ನುವ ಮುಕ್ತ ತಂತ್ರಾಂಶ ಹಾಕಿಕೊಂಡಿದ್ದಾನೆ. ನೋಡಲು ಊಟದ ಡಬ್ಬಿಗೆ ಕೊಂಬು ಬಂದ ಹಾಗಿದೆ. ನನ್ನ ಎರಡಕ್ಕಿಂತಲೂ ಚೆನ್ನಾಗಿ ಕೆಲಸ ಮಾಡುತ್ತದೆ ಅಂತ ಬರೆಯಲು ಹೊಟ್ಟೆ ಉರಿಯುತ್ತದೆ, ಆದರೂ ನಿಜ.

ಎರಡನೆಯದಕ್ಕೆ ಬಿಸಿಲೂ ಆಗಿಬರಲಿಲ್ಲ. ಆಗಸ್ಟ್ ತಿಂಗಳ ಟೆಕ್ಸಸ್, ಪ್ಯಾನೆಲ್ ಮೇಲಿನ ಕಪ್ಪು ಹಾಸಿನ ಮೇಲೆ ಇಟ್ಟಿದ್ದೆ. ಇಪ್ಪತ್ತು ನಿಮಿಷಕ್ಕೆ ಕಾದು ಸತ್ತಿತು. ಹಿಂದೆಯೇ ಐಪ್ಯಾಡ್ ಕೂಡ 'ತಣ್ಣಗಾಗಲು ಬಿಡಿ' ಅಂತ ಕಪ್ಪಾಯಿತು. ಐಪ್ಯಾಡ್ ಬಳಸಲು ಆಪಲ್ ಹೇಳುವ ಮಿತಿಯೇ 35 ಡಿಗ್ರಿ. ಮುಚ್ಚಿದ ಕಾಕ್‌ಪಿಟ್ ಅದನ್ನು ನಿಂತಲ್ಲೇ ದಾಟುತ್ತದೆ. ಈಗ ರಿಸೀವರನ್ನು ಹಿಂದಿನ ಪಕ್ಕದ ಕಿಟಕಿಗೆ, ರೆಕ್ಕೆಯ ನೆರಳಿನಲ್ಲಿ ಅಂಟಿಸುತ್ತೇನೆ.

ಹವಾಮಾನದ ಮಾತೊಂದು ಬಾಕಿ ಇದೆ, ಇದು ಯಾವ ಡಬ್ಬಿ ಕೊಂಡರೂ ಅನ್ವಯಿಸುತ್ತದೆ. ಪರದೆಯಲ್ಲಿ ಕಾಣುವ ಮಳೆಯ ಬಣ್ಣಗಳು ಹಲವು ರಾಡಾರ್‌ಗಳಿಂದ ತಂದು ಹೊಲಿದ ಕೌದಿ. ಮೂಲೆಯಲ್ಲಿ 'ಎರಡು ನಿಮಿಷ ಹಳೆಯದು' ಅಂತ ಬರೆದಿದ್ದರೆ ಅದು ಕೌದಿ ಹೊಲಿದು ಎರಡು ನಿಮಿಷ ಅಂತ, ಬಟ್ಟೆಯ ವಯಸ್ಸು ಬೇರೆ. ವಿಪರೀತದ ಸಂದರ್ಭದಲ್ಲಿ ನಿಜವಾದ ಚಿತ್ರ ಪರದೆ ಹೇಳುವುದಕ್ಕಿಂತ 15ರಿಂದ 20 ನಿಮಿಷ ಹಳೆಯದಿರಬಹುದು ಅಂತ ಅಪಘಾತ ತನಿಖೆ ಮಾಡುವ ಎನ್‌ಟಿಎಸ್‌ಬಿ 2012ರಲ್ಲೇ ಎಚ್ಚರಿಸಿದೆ. ಟೆಕ್ಸಸ್ಸಿನ ಗುಡುಗುಮೋಡ 20 ನಿಮಿಷದಲ್ಲಿ ಹುಟ್ಟಿ ಬೆಳೆದು ನಿಮ್ಮ ದಾರಿಗೆ ಅಡ್ಡ ಕೂತಿರುತ್ತದೆ. ಎರಡು ಕೆಂಪು ಮಚ್ಚೆಗಳ ನಡುವಿನ ಸಂದಿಯಲ್ಲಿ ನುಸುಳಲು ಈ ಚಿತ್ರ ಅಲ್ಲ. ದೂರದಿಂದಲೇ ಬಳಸಿ ಹೋಗುವುದಕ್ಕೆ, ಇಲ್ಲವೇ ಇವತ್ತು ಬೇಡ ಅಂತ ಮನೆಗೆ ಹೋಗುವುದಕ್ಕೆ.

ಜಕ್ಕೂರಿನಲ್ಲಿ ವಿಮಾನ ಹಾರಿಸಲು ಕಲಿಯುತ್ತಿರುವ ನೆಂಟರ ಹುಡುಗಿ "ಮಾಮಾ, ಬರೋವಾಗ ಒಂದು ತನ್ನಿ" ಅಂದಿದ್ದಳು. ತರಲಿಲ್ಲ. 978ರ ಹವಾಮಾನ ಸೇವೆ ಅಮೆರಿಕದ ಏರ್ಪಾಡು, ಬೆಂಗಳೂರಿನ ಆಕಾಶದಲ್ಲಿ ಅದನ್ನು ಬಿತ್ತರಿಸುವವರಿಲ್ಲ. ಅರ್ಧ ಡಬ್ಬಿ ಸುಮ್ಮನೆ ಕೂತಿರುತ್ತದೆ.

ಅಪ್ಪ ಊರಿಗೆ ಹೋದ ಮೇಲೂ ಭಾನುವಾರದ ಫೋನಿನಲ್ಲಿ ಕೇಳುತ್ತಾರೆ, "ನಿನ್ನೆ ಹಾರಿದ್ಯೇನೋ? ಬಲಗಡೆ ಯಾರು ಕೂತಿದ್ರು?" ಹೊಸ ಹುಡುಗ ಆ ಸೆಕೆಂಡ್ ಹ್ಯಾಂಡ್ ಕೊಳ್ಳಲಿಲ್ಲ. ನನ್ನದೇ ಹಳೆಯ ಡಬ್ಬಿ ಡ್ರಾಯರಿನಲ್ಲಿ ಬಿದ್ದಿತ್ತು, ಬೇರೆ ತಗೊಳ್ಳುವವರೆಗೆ ಇಟ್ಟುಕೋ ಅಂತ ಕೊಟ್ಟೆ. ಕೊಡುವ ಮೊದಲು 'ಟ್ರಾಫಿಕ್' ಅಂತಿದ್ದ ಜಾಗಕ್ಕೆ ಕಪ್ಪು ಟೇಪ್ ಸುತ್ತಿದೆ.