ಮುಂಬೈನಿಂದ ಸಿಂಗಾಪುರ: ಐದೂವರೆ ಗಂಟೆ ಮತ್ತು ನನ್ನ ಶೇಂಗಾ ಚಟ್ನಿ

ಮಗಳ ಬಾಣಂತನಕ್ಕೆ ಅಂತ ಸಿಂಗಾಪುರಕ್ಕೆ ಹೊರಟಿದ್ದೆ. ಸುಮಾರು 3,900 ಕಿ.ಮೀ. ದೂರ, ನೇರ ವಿಮಾನದಲ್ಲಿ ಐದೂವರೆ ಗಂಟೆ. ದಾದರ್‌ನಿಂದ ಹುಬ್ಬಳ್ಳಿಗೆ ಬಸ್ಸಲ್ಲಿ ಹೋಗೋದಕ್ಕೆ ಇದರ ಎರಡರಷ್ಟು ಹೊತ್ತು ಬೇಕು, ಅಲ್ವಾ? ರಾತ್ರಿ 11.30ಕ್ಕೆ ಹೊರಟರೆ ಅಲ್ಲಿ ಇಳಿದಾಗ ಬೆಳಿಗ್ಗೆ 7.30. ಅವರ ಗಡಿಯಾರ ನಮಗಿಂತ ಎರಡೂವರೆ ಗಂಟೆ ಮುಂದೆ. ನಿದ್ದೆ ಹೋಯಿತು ಅಂತಲೇ ಲೆಕ್ಕ.

ಸೀಟು ಇಕ್ಕಟ್ಟು, ಮಂಡಿ ಹಿಡಿದುಕೊಂಡಿತು. ಮೊದಲೇ ಹೇಳಿದ್ದ ಸಸ್ಯಾಹಾರಿ ಊಟ ಬರಲೇ ಇಲ್ಲ. ಕೇಳಿದರೆ ಸುಮ್ನೆ ಒಂದು ಬನ್ನು ಕೊಟ್ಟರು. ಮಾಟುಂಗದ ಮನೆಯಿಂದ ಕಟ್ಟಿಕೊಂಡಿದ್ದ ಚಪಾತಿ, ಶೇಂಗಾ ಚಟ್ನಿಯೇ ಕಾಪಾಡಿದ್ದು. ಗಗನಸಖಿ ಮಾತ್ರ ಪಾಪ, ಎರಡು ಸಲ ಬಿಸಿನೀರು ತಂದುಕೊಟ್ಟಳು. ವಿಮಾನ ಸಮಯಕ್ಕೆ ಸರಿಯಾಗಿ ಇಳಿಯಿತು. ವಾಪಸ್ ಬರುವಾಗ ಕಿಟಕಿ ಬೇಡ, ನಡುದಾರಿ ಪಕ್ಕದ ಸೀಟೇ ಕೇಳುತ್ತೇನೆ.