ಒಂದೇ ಪ್ರಿಂಟರ್, ನಾಲ್ಕು ಸಂಪರ್ಕ: ಬಳಸಿ ನೋಡಿದ ಮೇಲೆ ನನ್ನ ಆಯ್ಕೆ

ನಮ್ಮ ಮನೆಯಲ್ಲಿರುವುದು ಕಪ್ಪು-ಬಿಳುಪು ಲೇಸರ್ ಪ್ರಿಂಟರ್. ಹಿಂದೆ ಯುಎಸ್‌ಬಿ ಪೋರ್ಟ್ ಇದೆ, ಅದರ ಪಕ್ಕದಲ್ಲೇ ರೂಟರ್‌ನಿಂದ ಕೇಬಲ್ ಎಳೆದು ಚುಚ್ಚುವ ಲ್ಯಾನ್ ಪೋರ್ಟ್ ಇದೆ. ಒಳಗೆ ವೈಫೈ, ವೈಫೈ ಡೈರೆಕ್ಟ್ ಎರಡೂ ಇವೆ. ಬಳಸುವವರು ಮೂರು ಜನ: ಮೇಜಿನ ಕಂಪ್ಯೂಟರ್‌ನಿಂದ ನಾನು, ಲ್ಯಾಪ್‌ಟಾಪ್‌ನಿಂದ ಹೆಂಡತಿ, ಫೋನಿನಿಂದ ಮಗಳು. ಒಂದೊಂದು ಸಂಪರ್ಕವನ್ನೂ ಕೆಲವು ವಾರ ಬಳಸಿ ನೋಡಿದೆ. ನನ್ನ ಅನುಭವ ಹೀಗಿದೆ.

ಮೊದಲು ವೇಗದ ಮಾತು ಮುಗಿಸಿಬಿಡುತ್ತೇನೆ, ಏಕೆಂದರೆ ಎಲ್ಲರೂ ಕೇಳುವುದು ಅದನ್ನೇ. ಇಪ್ಪತ್ತು ಪುಟದ ಪಿಡಿಎಫ್ ಅನ್ನು ಕೇಬಲ್‌ನಲ್ಲೂ ವೈಫೈನಲ್ಲೂ ಕಳಿಸಿದೆ. ಮುಗಿಯಲು ಹಿಡಿದ ಸಮಯದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಲೆಕ್ಕ ಹಾಕಿದರೆ ಕಾರಣ ಗೊತ್ತಾಗುತ್ತದೆ. 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ) ಒಂದು ಎ4 ಹಾಳೆ ಅಂದರೆ ಸುಮಾರು ಮೂರೂವರೆ ಕೋಟಿ ಚುಕ್ಕಿ. ಒಂದು ಚುಕ್ಕಿಗೆ ಒಂದು ಬಿಟ್ ಹಿಡಿದರೆ ನಾಲ್ಕೂವರೆ ಎಂಬಿಯೂ ಆಗುವುದಿಲ್ಲ. ಸೆಕೆಂಡಿಗೆ 100 ಮೆಗಾಬಿಟ್ ಸಾಗಿಸುವ ಲ್ಯಾನ್‌ಗೆ ಅದು ಅರ್ಧ ಸೆಕೆಂಡಿನ ಕೆಲಸ. ಯುಎಸ್‌ಬಿ 2.0 ಲೆಕ್ಕದಲ್ಲಿ 480 ಮೆಗಾಬಿಟ್, ಅಂದರೆ ಇನ್ನೂ ಬೇಗ. ಆದರೆ ಹಾಳೆ ಎಳೆದು, ಟೋನರ್ ಹಚ್ಚಿ, ಬಿಸಿ ಮಾಡಿ ಹೊರಗೆ ತಳ್ಳಲು ಪ್ರಿಂಟರ್‌ಗೆ ಅದಕ್ಕಿಂತ ಎಷ್ಟೋ ಜಾಸ್ತಿ ಹೊತ್ತು ಬೇಕು. ಹಾಗಾಗಿ ಮನೆ ಬಳಕೆಗೆ ವೇಗ ನೋಡಿ ಸಂಪರ್ಕ ಆರಿಸಬೇಡಿ.

ಯುಎಸ್‌ಬಿಯಿಂದ ಶುರು ಮಾಡಿದೆ. ಹಿಂದಿನ ಪ್ರಿಂಟರ್‌ಗಳಿಗಿದ್ದ 25 ಪಿನ್ನಿನ ದಪ್ಪ ಪ್ಯಾರಲಲ್ ಕೇಬಲ್ ನೋಡಿದವರಿಗೆ ಯುಎಸ್‌ಬಿ ಎಷ್ಟು ಆರಾಮ ಅಂತ ಗೊತ್ತು. ಚುಚ್ಚಿದರೆ ಸಾಕು, ಪ್ರಿಂಟ್ ಬರುತ್ತದೆ. ಪಾಸ್‌ವರ್ಡ್ ಬೇಡ. ರೂಟರ್ ಕೆಟ್ಟು ಕೂತರೂ ಪ್ರಿಂಟರ್ ನಿಲ್ಲುವುದಿಲ್ಲ. ಆ ವಾರಗಳಲ್ಲಿ ನನಗೆ ಒಂದು ಸಲವೂ ತೊಂದರೆ ಆಗಲಿಲ್ಲ. ತೊಂದರೆ ಆದದ್ದು ಮನೆಯ ಉಳಿದಿಬ್ಬರಿಗೆ. ನನ್ನ ಕಂಪ್ಯೂಟರ್ ಮೂಲಕ ಪ್ರಿಂಟರ್ ಹಂಚಿಕೊಟ್ಟೆ. ಆದರೆ ನನ್ನ ಕಂಪ್ಯೂಟರ್ ಆನ್ ಇದ್ದರೆ ಮಾತ್ರ ಅವರ ಪ್ರಿಂಟ್. ಒಂದು ಪುಟಕ್ಕಾಗಿ ಹೆಂಡತಿ ಎದ್ದು ಬಂದು ನನ್ನ ಕಂಪ್ಯೂಟರ್ ಹಚ್ಚಬೇಕಾಗುತ್ತಿತ್ತು. ಪ್ರಿಂಟರ್ ಇಡುವ ಜಾಗವೂ ಮೇಜಿನ ಸುತ್ತಮುತ್ತಲೇ. ಯುಎಸ್‌ಬಿ 2.0 ಕೇಬಲ್‌ಗೆ 5 ಮೀಟರ್ ಮಿತಿ. ಅದನ್ನು ದಾಟಿಸಲು ಸಾದಾ ಎಕ್ಸ್‌ಟೆನ್ಷನ್ ಸೇರಿಸಿ ನೋಡಿದೆ. ಮಧ್ಯೆ ಮಧ್ಯೆ ಸಂಪರ್ಕ ಕಡಿದು ಅರ್ಧ ಅಚ್ಚಾದ ಹಾಳೆಗಳು ಬಂದವು.

ಆಮೇಲೆ ವೈಫೈ. ಮೊದಲ ದಿನ ಎಲ್ಲರಿಗೂ ಖುಷಿ. ಪ್ರಿಂಟರ್ ಹಾಲ್‌ಗೆ ಹೋಯಿತು, ಮಗಳು ಸೋಫಾದಿಂದಲೇ ಪ್ರಿಂಟ್ ಕೊಟ್ಟಳು. ಎರಡು ವಾರ ಕಳೆದ ಮೇಲೆ ಒಂದು ದಿನ ಕಂಪ್ಯೂಟರ್‌ನಲ್ಲಿ "ಆಫ್‌ಲೈನ್" ಅಂತ ಬಂತು. ಪ್ರಿಂಟರ್ ಎದುರಿಗೇ ಇದೆ, ಹಸಿರು ದೀಪ ಉರಿಯುತ್ತಿದೆ, ಆದರೂ ಆಫ್‌ಲೈನ್. ಇದು ಎಷ್ಟೋ ಮನೆಗಳ ಗೋಳು ಅಲ್ವಾ? ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ರೂಟರ್ ತನ್ನ ಜೊತೆ ಸೇರುವ ಪ್ರತಿ ಸಾಧನಕ್ಕೂ ಒಂದು ಐಪಿ ವಿಳಾಸ ಕೊಡುತ್ತದೆ. ಅದು ಕಾಯಂ ಅಲ್ಲ, ಒಂದಿಷ್ಟು ಅವಧಿಗೆ ಕೊಟ್ಟದ್ದು. ಪ್ರಿಂಟರ್ ಮೊದಲು 192.168.1.7 ಆಗಿತ್ತು ಅನ್ನಿ. ಕರೆಂಟ್ ಹೋಗಿ ಬಂದ ಮೇಲೆ 192.168.1.12 ಆಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ಮನೆಯ ಬಾಗಿಲನ್ನೇ ತಟ್ಟುತ್ತಾ ಇರುತ್ತದೆ. ನಮ್ಮಲ್ಲಿ ಆದದ್ದೂ ಅದೇ. ರೂಟರ್‌ನ ಸೆಟ್ಟಿಂಗ್ಸ್‌ಗೆ ಹೋಗಿ ಪ್ರಿಂಟರ್‌ನ ಮ್ಯಾಕ್ ವಿಳಾಸಕ್ಕೆ (ಸಾಧನವನ್ನು ಗುರುತಿಸಲು ತಯಾರಕರೇ ಕೊಟ್ಟಿರುವ ಸಂಖ್ಯೆ) ಒಂದು ಐಪಿ ಕಾದಿರಿಸಿದೆ. ಇದನ್ನು ಅಡ್ರೆಸ್ ರಿಸರ್ವೇಷನ್ ಅನ್ನುತ್ತಾರೆ. ವಿಂಡೋಸ್‌ನಲ್ಲಿ ಪ್ರಿಂಟರ್‌ನ ಪೋರ್ಟ್ (ಇಲ್ಲಿ ಪೋರ್ಟ್ ಅಂದರೆ ಕಂಪ್ಯೂಟರ್ ಪ್ರಿಂಟರ್ ತಲುಪುವ ದಾರಿಯ ಸೆಟ್ಟಿಂಗ್) ತಾನಾಗಿಯೇ ಡಬ್ಲ್ಯುಎಸ್‌ಡಿ ಆಗಿ ಕೂತಿತ್ತು, ಅಂದರೆ ಪ್ರಿಂಟರ್ ಅನ್ನು ನೆಟ್‌ವರ್ಕ್‌ನಲ್ಲಿ ವಿಂಡೋಸ್ ತಾನೇ ಹುಡುಕಿಕೊಳ್ಳುವ ಬಗೆ. ಅದನ್ನು ನೇರವಾಗಿ ಐಪಿ ವಿಳಾಸಕ್ಕೇ ಕಳಿಸುವ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್‌ಗೆ ಬದಲಿಸಿದೆ. ಇವೆರಡರಿಂದ ಆಫ್‌ಲೈನ್ ಕಾಟ ಹೆಚ್ಚುಕಡಿಮೆ ನಿಂತೇಹೋಯಿತು. ಹೊಸ ಪ್ರಿಂಟರ್ ಕೊಳ್ಳುವ ಯೋಚನೆಯಲ್ಲಿದ್ದರೆ ದಯವಿಟ್ಟು ಮೊದಲು ಇಷ್ಟು ಮಾಡಿ ನೋಡಿ.

ವೈಫೈನಲ್ಲಿ ಇನ್ನೂ ಎರಡು ಸಂಗತಿ. ರೂಟರ್ ವೈಫೈ ಹಬ್ಬಿಸುವ ತರಂಗಾಂತರಗಳಲ್ಲಿ ಎಷ್ಟೋ ಪ್ರಿಂಟರ್‌ಗಳಿಗೆ 2.4 ಗಿಗಾಹರ್ಟ್ಸ್ ಮಾತ್ರ ಗೊತ್ತು, 5 ಗಿಗಾಹರ್ಟ್ಸ್ ವೈಫೈನ ಹೆಸರು ಅವಕ್ಕೆ ಕಾಣುವುದೇ ಇಲ್ಲ. ಇನ್ನು ಫೋನನ್ನು ಗೆಸ್ಟ್ ನೆಟ್‌ವರ್ಕ್‌ಗೆ ಹಾಕಿದ್ದರೆ ಸಾಮಾನ್ಯವಾಗಿ ಪ್ರಿಂಟರ್ ಸಿಗುವುದಿಲ್ಲ. ಮನೆಯ ಉಳಿದ ಸಾಧನಗಳು ಅತಿಥಿಗಳಿಗೆ ಸಿಗಬಾರದು ಅಂತಲೇ ಅದನ್ನು ಬೇರೆ ಮಾಡಿರುವುದು.

ವೈಫೈ ಡೈರೆಕ್ಟ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಲ್ಲಿ ಪ್ರಿಂಟರ್ ತಾನೇ ಒಂದು ಚಿಕ್ಕ ವೈಫೈ ಹಬ್ಬಿಸುತ್ತದೆ, ರೂಟರ್ ಬೇಡ. ಬಂದ ನೆಂಟರು ಒಂದು ಟಿಕೆಟ್ ಪ್ರಿಂಟ್ ಮಾಡಬೇಕೆಂದಾಗ ಒಳ್ಳೆಯದು. ದಿನನಿತ್ಯಕ್ಕೆ ಕಷ್ಟ, ಏಕೆಂದರೆ ನಮ್ಮ ಲ್ಯಾಪ್‌ಟಾಪ್ ಅದಕ್ಕೆ ಸೇರಿದಾಗಲೆಲ್ಲ ಇಂಟರ್‌ನೆಟ್ ಹೋಗುತ್ತಿತ್ತು. ಬ್ಲೂಟೂತ್ ನಮ್ಮ ಪ್ರಿಂಟರ್‌ನಲ್ಲಿ ಇಲ್ಲ. ಪುಟಾಣಿ ಫೋಟೊ ಮತ್ತು ಲೇಬಲ್ ಪ್ರಿಂಟರ್‌ಗಳಿಗೆ ಅದು ಸರಿ.

ಕೊನೆಗೆ ಲ್ಯಾನ್ ಕೇಬಲ್. ಇದನ್ನು ಯಾಕೆ ಮೊದಲೇ ಮಾಡಲಿಲ್ಲ ಅನ್ನಿಸಿತು. ಪ್ರಿಂಟರ್ ಅನ್ನು ರೂಟರ್ ಪಕ್ಕದ ಶೆಲ್ಫಿನಲ್ಲಿಟ್ಟು ಎರಡು ಮೀಟರ್ ಕೇಬಲ್ ಹಾಕಿದೆ. ದೂರ ಇದ್ದರೂ ಚಿಂತೆಯಿಲ್ಲ, 100 ಮೀಟರ್‌ವರೆಗೆ ಎಳೆಯಬಹುದು. ಫೋನಿನಿಂದ ಪ್ರಿಂಟ್ ಕೊಡಲು ಪ್ರಿಂಟರ್‌ನಲ್ಲಿ ವೈಫೈ ಇರಲೇಬೇಕು ಅಂತ ಬಹಳ ಜನ ನಂಬಿದ್ದಾರೆ. ಹಾಗೇನಿಲ್ಲ. ಫೋನ್ ವೈಫೈನಿಂದ ರೂಟರ್ ತಲುಪುತ್ತದೆ, ರೂಟರ್‌ನಿಂದ ಪ್ರಿಂಟರ್‌ಗೆ ಕೇಬಲ್ ಇದೆ, ಅಷ್ಟೇ. 2010ರಿಂದ ಐಫೋನ್‌ನಲ್ಲಿರುವ ಏರ್‌ಪ್ರಿಂಟ್ ಕೂಡ ಹೀಗೇ ನಡೆಯುತ್ತದೆ. ಮಗಳಿಗೆ ಯಾವ ಬದಲಾವಣೆಯೂ ಗೊತ್ತಾಗಲಿಲ್ಲ. ವೈಫೈ ಪಾಸ್‌ವರ್ಡ್ ಬದಲಿಸಿದ ದಿನವೂ ಪ್ರಿಂಟರ್ ಮುಟ್ಟಬೇಕಾಗಲಿಲ್ಲ. ಮೊದಲಾದರೆ ಆ ಎರಡು ಸಾಲಿನ ಪರದೆಯಲ್ಲಿ ಒಂದೊಂದೇ ಅಕ್ಷರ ಒತ್ತುತ್ತಾ ಕೂರಬೇಕಿತ್ತು. ಒಂದು ಎಚ್ಚರ: ಕೇಬಲ್‌ನ ಮ್ಯಾಕ್ ವಿಳಾಸ ಬೇರೆ, ವೈಫೈನದು ಬೇರೆ. ಐಪಿಯನ್ನು ಮತ್ತೊಮ್ಮೆ ಕಾದಿರಿಸಬೇಕು.

ಒಬ್ಬರೇ ಇದ್ದು ಒಂದೇ ಕಂಪ್ಯೂಟರ್ ಬಳಸುವವರಿಗೆ ನಾನು ಈಗಲೂ ಯುಎಸ್‌ಬಿಯನ್ನೇ ಹೇಳುತ್ತೇನೆ. ರೂಟರ್ ಹತ್ತಿರ ಜಾಗ ಇಲ್ಲ, ಕೇಬಲ್ ಎಳೆಯುವ ಹಾಗೂ ಇಲ್ಲ ಅಂದರೆ ವೈಫೈ ಹಾಕಿ, ಆದರೆ ಐಪಿ ಕಾದಿರಿಸದೆ ಬಿಡಬೇಡಿ. ಹೊಸದು ಕೊಳ್ಳುವವರು ಮಾದರಿಯ ವಿವರದಲ್ಲಿ "ಈಥರ್‌ನೆಟ್" (ಲ್ಯಾನ್ ಪೋರ್ಟ್‌ಗೆ ಅಲ್ಲಿ ಬಳಸುವ ಹೆಸರು) ಎಂಬ ಪದ ಇದೆಯೇ ಅಂತ ನೋಡಿಕೊಳ್ಳಿ. ಅಗ್ಗದ ಮಾದರಿಗಳಲ್ಲಿ ಮೊದಲು ಬಿಟ್ಟುಹೋಗುವುದು ಆ ಪೋರ್ಟೇ.